ಚಿಗವ್ವ ಮುಖ ನೋಡದ ಡಾಕ್ಟರು

ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ದಾಂಡೇಲಿಯಲ್ಲಿ ಪೇಪರ್ ಮಿಲ್ಲಿನ ಕೆಲಸಗಾರರಿಗಾಗಿ ಖಾನಾವಳಿ ನಡೆಸುತ್ತಿದ್ದಳು. ಡಿಗ್ರಿ ಮುಗಿಸಿದ ನಾನು ನೌಕರಿ ಹುಡುಕುತ್ತಿದ್ದೇನೆಂದು ಊರಿಗೆಲ್ಲ ಹೇಳಿಕೊಂಡು ಅಲ್ಲಿ ಬಡಿಸುತ್ತಿದ್ದೆ. ಬಡಿಸುವುದರಲ್ಲಿ ನಾಲಾಯಕ್. ನಾನು ಸೌಟು ಹಿಡಿದರೆ ಸಾರು ಅರ್ಧ ತಾಟಿಗೆ, ಅರ್ಧ ಉಣ್ಣುವವರ ತೊಡೆಗೆ. ಆದರೂ ಗಿರಾಕಿಗಳು ನನ್ನನ್ನು ಸಹಿಸಿಕೊಂಡಿದ್ದರು. ಅವರ ಸೂಪರ್‌ವೈಜರನ ನಡಿಗೆ, ಜೋಯಿಡಾ ಬಸ್ಸಿನ ಕಂಡಕ್ಟರನ ಗದರಿಕೆ, ಊರಿಂದ ಹೆಂಡತಿಯ ಫೋನು ಬಂದಾಗ ಅವರವರದೇ ದನಿ ಬೆಣ್ಣೆಯಾಗುವ ಬಗೆ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನೌಕರಿಯ ಇಂಟರ್‌ವ್ಯೂನಲ್ಲಿ ನಾನು ಬೆವರಿದ್ದನ್ನು ಮಾಡಿ ತೋರಿಸಿದಾಗಲೇ ಎಲ್ಲಕ್ಕಿಂತ ಹೆಚ್ಚು ನಗು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಚಿಗವ್ವನ ಎದೆಯಲ್ಲಿ ಗಡ್ಡೆ ಸಿಕ್ಕಿತು. ಅವಳ ಗಂಡ, ನಮ್ಮ ಕಾಕಾ, ಮೊದಲೇ ತೀರಿಹೋಗಿದ್ದರಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಜೊತೆಗೆ ಹೋಗುವವನು ನಾನೇ. ಅಲ್ಲಿನ ಡಾಕ್ಟರು ಮೈಸೂರು ಕಡೆಯವರು. ಮೂರು ಸಲ ಕೀಮೋ ಕೊಟ್ಟು ಗಡ್ಡೆ ಕುಗ್ಗಿಸುವುದು, ಆಮೇಲೆ ಆಪರೇಶನ್ ಎಂದು ಹೇಳಿದರು.

ಅವರು ಇದನ್ನು ಹೇಳುವಾಗ ಚಿಗವ್ವ ಟೇಬಲ್ಲಿನ ಮೇಲಿದ್ದ ಪೇಪರ್‌ವೇಟನ್ನೇ ನೋಡುತ್ತಿದ್ದಳು. ಪರದೆಯ ಹಿಂದೆ ಸೆರಗು ಸರಿಸಿ ಪರಗಂಡಸಿಗೆ ಎದೆ ತೋರಿಸಿ ಬಂದವಳು ಮತ್ತೆ ಅವನ ಮುಖ ನೋಡುವುದುಂಟೇ? ಆ ಆಸ್ಪತ್ರೆಯಲ್ಲಿ ಅವಳು ತಲೆ ಎತ್ತುತ್ತಲೇ ಇರಲಿಲ್ಲ. ಕೇಳಿದ್ದಕ್ಕೆಲ್ಲ "ಹೂನ್ರಿ" ಅಷ್ಟೇ.

ಮನೆಗೆ ಬಂದು ಒಲೆಯ ಮುಂದೆ ಕೂತ ಮೇಲೆ, "ಡಾಕ್ಟರ್‌ನ ಮಾಡೋ ಮಂಗ್ಯಾ" ಎಂದಳು.

ನಾನು ಕುರ್ಚಿ ಎಳೆದುಕೊಂಡು, ಹೊಟ್ಟೆ ಮುಂದೆ ಮಾಡಿ, "ನೋಡಿ ಅಮ್ಮಾ, ಗಡ್ಡೆ ದೊಡ್ಡದಿದೆ. ಮೊದಲು ಕುಗ್ಗಿಸೋಣ, ಆಮೇಲೆ ತೆಗೆಯೋಣ" ಎಂದೆ. ಆಸ್ಪತ್ರೆಯಲ್ಲಿ ಬಾಯಿ ಬಿಡದವಳು ಇಲ್ಲಿ ನನ್ನ ಮುಖ ನೋಡುತ್ತ ಎಲ್ಲ ಕೇಳಿದಳು. "ಕೂದಲಾ ಉದರಿ ಹೊಕ್ಕಾವೇನ್ರಿ? ಮತ್ತ ರೊಟ್ಟಿ ಬಡಿಯಾಕ ಬರ್ತೈತೇನ್ರಿ?" ಜೀವಮಾನದಲ್ಲಿ ಅವಳು ನನಗೆ 'ರೀ' ಹಚ್ಚಿದ್ದು ಅದೇ ಮೊದಲು.

ಆಪರೇಶನ್ನಿನ ಹೊತ್ತಿಗೆಂದು ಹಳಿಯಾಳದ ಹತ್ತಿರದ ಹಳ್ಳಿಯಿಂದ ಒಬ್ಬ ಅಕ್ಕನನ್ನು ಅಡಿಗೆಗೆ ಗೊತ್ತು ಮಾಡಿದೆವು. ಚಿಗವ್ವ ಊಟಕ್ಕೆ ಬಂದವರಿಗೆಲ್ಲ, "ಮುಂದಿನ ತಿಂಗಳ ನಾ ಇರೂದಿಲ್ರಿ, ಹೊಂದ್ಕೋರಿ" ಎಂದು ಹೇಳಿದ್ದಾಯಿತು. ಆದರೆ ಎರಡನೆಯ ಕೀಮೋಗೆ ಹೋದಾಗ ರಕ್ತದಲ್ಲಿ ಬಿಳಿಕಣ ಕಡಿಮೆ ಬಿದ್ದಿವೆಯೆಂದು ವಾಪಸು ಕಳಿಸಿದರು. ವಾರ ಬಿಟ್ಟು ಬನ್ನಿ ಎಂದರು. ಹೋದೆವು, ಇನ್ನೊಂದು ವಾರ ಎಂದರು. ಬೆಳಗಿನ ಬಸ್ಸಿಗೆ ಹಳಿಯಾಳ, ಧಾರವಾಡ ದಾಟಿ ಹೋಗುವುದು, ಬೆರಳು ಚುಚ್ಚಿಸಿಕೊಂಡು ಅದೇ ದಾರಿಯಲ್ಲಿ ತಿರುಗಿ ಬರುವುದು. ಕೀಮೋ ಆದ ದಿನ ಬಸ್ಸಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿಯುವ ಕೆಲಸ ನನ್ನದು. ದಾಂಡೇಲಿ ಹತ್ತಿರವಾಗಿ ಮಿಲ್ಲಿನ ವಾಸನೆ ಬಂತೆಂದರೆ ಇನ್ನೊಂದು ಚೀಲ. ಮೂವತ್ತು ವರ್ಷ ಅದೇ ಗಾಳಿಯಲ್ಲಿ ಅನ್ನ ಬೇಯಿಸಿದವಳಿಗೆ ಈಗ ಅದು ಆಗುತ್ತಿರಲಿಲ್ಲ.

ಅಡಿಗೆಯ ಅಕ್ಕ ಗಂಟು ಹೊತ್ತುಕೊಂಡು ಬಂದು ತಿರುಗಿ ಹೋದಳು. ಎರಡನೆಯ ಸಲ ಬಂದಾಗ, "ಯವ್ವಾ, ನೀ ಕೊಯ್ಸ್ಕೊಳ್ಳೂದರ ಖರೆ ಐತೋ, ನನ್ನ ಆಡಸಾಕ ಹತ್ತೀರೋ?" ಎಂದಳು. ಚಿಗವ್ವ ನಕ್ಕಳು. ನಗುವುದಕ್ಕೂ ಗೋಡೆಗೆ ಒರಗಬೇಕಾಗಿತ್ತು.

ಮೂರನೆಯ ಕೀಮೋ ಆದ ಮೇಲೆ ಡಾಕ್ಟರು ಗಡ್ಡೆ ಮುಟ್ಟಿ ನೋಡಿ ಬಂದು, ಔಷಧಿ ಬದಲು ಮಾಡುತ್ತೇವೆ, ಆಪರೇಶನ್ ಮುಂದಕ್ಕೆ ಹೋಗಲಿ ಎಂದರು. ಅವತ್ತು ಸಂಜೆ ಒಲೆಯ ಮುಂದೆ ನಾನು ಡಾಕ್ಟರಾದೆ. "ಬೇರೆ ಔಷಧಿ ಕೊಟ್ಟು ನೋಡೋಣ ಅಮ್ಮಾ."

"ಏ, ತಡಿ. ಚಷ್ಮಾ ಯಾಕ ತಗದಿ?"

ನನಗೆ ಚಷ್ಮಾ ಎಲ್ಲಿತ್ತು? ಆದರೆ ಕೈ ಮೂಗಿನ ಹತ್ತಿರ ಹೋಗಿ, ಇಲ್ಲದ ಚಷ್ಮಾ ತೆಗೆದು, ಕಣ್ಣು ತಿಕ್ಕಿಕೊಂಡು ಬಂದಿತ್ತು. ಅವರು ಹಾಗೆ ಮಾಡಿದ್ದನ್ನು ನಾನು ಗಮನಿಸಿರಲೇ ಇಲ್ಲ. ನನ್ನ ಕೈ ಮಾತ್ರ ಕದ್ದು ತಂದಿತ್ತು.

"ಅವರ ತಗದ್ರು ಕಾಣಸ್ತೈತಿ, ಚಿಗವ್ವ."

"ಮೊದಲಿನ ಸಲ ತಗದಿದ್ದಿಲ್ಲ. ಅವರಿಗೂ ಗೊತ್ತಿಲ್ಲ ನೋಡು." ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. "ಗೊತ್ತಿಲ್ದವರ ಕಡೆ ಎಷ್ಟ ದಿನಾ ಅಡ್ಡಾಡೂದು?"

ಹೊಸ ಔಷಧಿಯಿಂದ ಬೆರಳ ತುದಿಗಳು ಜೋಮು ಹಿಡಿದವು. ಹಂಚಿನ ಮೇಲೆ ರೊಟ್ಟಿ ತಿರುವುವಾಗ ಸುಟ್ಟದ್ದೇ ತಿಳಿಯುತ್ತಿರಲಿಲ್ಲ, ಗುಳ್ಳೆ ಎದ್ದ ಮೇಲೆ ನೋಡಿಕೊಳ್ಳುವಳು. ಇದನ್ನು ಹೇಳಲು ನಾನೊಬ್ಬನೇ ಹುಬ್ಬಳ್ಳಿಗೆ ಹೋದೆ. ಅವರು ಮತ್ತೆ ಲೆಕ್ಕ ಬದಲಿಸಿದರು. ಡೋಸ್ ಕಡಿಮೆ ಮಾಡಿ ವಾರಕ್ಕೊಮ್ಮೆ ಕೊಡುವುದು, ಆಪರೇಶನ್ ಇನ್ನೂ ಮುಂದಕ್ಕೆ. ಮನೆಗೆ ಬಂದು ನಾನು ಚಷ್ಮಾ ಮುಟ್ಟದೆ, ಎದೆ ಸೆಟೆಸಿ, ಗಟ್ಟಿ ದನಿಯಲ್ಲಿ, "ಏನೂ ಚಿಂತೆಯಿಲ್ಲ ಅಮ್ಮಾ!" ಎಂದೆ.

ಚಿಗವ್ವ ನನ್ನನ್ನು ಪೂರ್ತಿ ನೋಡಿ, "ಇದು ನಿಂದು. ಅವರದಲ್ಲ" ಎಂದಳು. ಆಮೇಲೆ ಒಳಗೆ ಹೋಗಿ ಮಲಗಿಕೊಂಡು ಅಲ್ಲಿಂದಲೇ ಹೇಳಿದಳು. "ಸಾಕಾತು. ಕೊಯ್ಯೂದಿದ್ರ ಈಗ ಕೊಯ್ಲಿ, ಇಲ್ಲಾಂದ್ರ ನಾ ಇನ್ನ ಬರೂದಿಲ್ಲ."

ಎರಡು ದಿನ ನಾನು ಯಾರನ್ನೂ ಅಣಕಿಸಲಿಲ್ಲ. ಊಟಕ್ಕೆ ಬಂದವರು ನನಗೇ ಜ್ವರ ಬಂದಿದೆ ಎಂದುಕೊಂಡರು. ಮೂರನೆಯ ದಿನ, "ಆ ಮಾತ ನೀನ ಬಂದ ಹೇಳು. ನಾ ಹೇಳಿದ್ರ ನಾಟಕ ಅಂತಾರ" ಎಂದೆ. ಬೈದಳು. ಬೈಯುತ್ತಲೇ ಸೀರೆ ಬದಲಿಸಿದಳು.

ಡಾಕ್ಟರ ಮುಂದೆ ಕೂತು ಮತ್ತೆ ಪೇಪರ್‌ವೇಟಿಗೆ ಕಣ್ಣು ಹಚ್ಚಿದಳು. ಅವರು "ಹೇಗಿದ್ದೀರಿ?" ಎಂದರು. "ಹೂನ್ರಿ" ಎಂದಳು. ನನಗೆ ತಡೆಯಲಾಗಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡವರ ಹಾಗೆ ಕೈ ಮಾಡಿ, ಅವಳದೇ ದನಿಯಲ್ಲಿ, "ಎಷ್ಟ ಸಲ ಬದಲ ಮಾಡ್ತೀರಿ? ನಾ ಏನ್ರಿ ಬಸ್ಸಿನ ಟೈಮ್ ಟೇಬಲ್ಲಾ?" ಎಂದೆ. ಬಾಗಿಲಲ್ಲಿದ್ದ ನರ್ಸಿನ ಕೈಯಿಂದ ಟ್ರೇ ಜಾರಿತು.

"ಗಪ್ ಕೂಡೋ ಭಾಡ್ಯಾ! ನಾ ಹಂಗ ಎಲ್ಲಿ ಅಂದೇನಿ?" ಎಂದ ಚಿಗವ್ವ ಸಿಟ್ಟಿನಲ್ಲಿ ತಲೆ ಎತ್ತಿದಳು. ಎತ್ತಿದ ಮುಖ ಡಾಕ್ಟರ ಎದುರಿಗೇ ಇತ್ತು. ಇಳಿಸಲಿಲ್ಲ. "ಸಾಹೇಬ್ರ, ನಿಮಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ. ನಾ ದಣದೇನ್ರಿ. ಈಗ ಯಾಕ ಕೊಯ್ಯಾಕ ಬರೂದಿಲ್ಲ, ಅಷ್ಟ ಹೇಳ್ರಿ."

ಅವರು ಚಷ್ಮಾ ತೆಗೆದರು. ಚಿಗವ್ವ ನನ್ನ ಕಡೆ ವಾಲಿ, "ಖರೇನ ತಗೀತಾರಲ್ಲೋ" ಎಂದು ಪಿಸುಗುಟ್ಟಿದಳು.

"ಮೊದಲನೇ ಔಷಧಿ ಕೆಲಸ ಮಾಡಲಿಲ್ಲ ಅಮ್ಮಾ. ಮಾಡುತ್ತೆ ಅಂದುಕೊಂಡಿದ್ದೆ" ಎಂದರು. ಗಡ್ಡೆ ಪಕ್ಕೆಗೂಡಿಗೆ ಅಂಟಿಕೊಂಡಿದೆ, ಈಗ ಕೊಯ್ದರೆ ಸ್ವಲ್ಪ ಒಳಗೇ ಉಳಿಯುತ್ತದೆ, ಹೊಸ ಔಷಧಿಗೆ ಸಡಿಲವಾಗುತ್ತಿರುವ ಹಾಗಿದೆ ಎಂದರು. "ಪೂರ್ತಿ ಸಡಿಲ ಆಗುತ್ತಾ ಅಂದರೆ, ನನಗೆ ಗೊತ್ತಿಲ್ಲ."

ಚಿಗವ್ವ ಬಹಳ ಹೊತ್ತು ಅವರನ್ನೇ ನೋಡಿದಳು. ಆಮೇಲೆ ಸಲೈನ್ ಹಚ್ಚುವ ಕೋಣೆಗೆ ತಾನೇ ಎದ್ದು ಹೋದಳು. ಒಪ್ಪಿದಳೋ, ವಾದ ಮಾಡಲು ತ್ರಾಣವಿರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲಿನ ವಾರಗಳು ಒಂದರ ಹಾಗೆ ಒಂದು. ಬಸ್ಸು, ಸೂಜಿ, ಚೀಲ. ಎಷ್ಟೋ ವಾರಗಳಾದ ಮೇಲೆ ಒಂದು ದಿನ ಡಾಕ್ಟರು ಪರದೆಯ ಹಿಂದಿನಿಂದ ಬಂದು, "ಗಡ್ಡೆ ಅಲುಗಾಡುತ್ತಿದೆ. ಈಗ ತೆಗೆಯಬಹುದು, ಸೋಮವಾರ ಅಡ್ಮಿಟ್ ಮಾಡಿ" ಎಂದರು. ನಾನು ಕುಣಿಯುವುದೊಂದು ಬಾಕಿ. ಚಿಗವ್ವ "ಹೂನ್ರಿ" ಎಂದಳು. ಹೊರಗೆ ಬಂದವಳು ಔಷಧಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು, ನಾನು ಚಹಾ ತರುವಷ್ಟರಲ್ಲಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಎಬ್ಬಿಸಲಿಲ್ಲ. ಎರಡೂ ಕಪ್ಪು ನಾನೇ ಕುಡಿದೆ. ದಾಂಡೇಲಿಯ ಒಂದು ಬಸ್ಸು ಹೋಯಿತು. ಸಂಜೆಗೆ ಇನ್ನೊಂದಿತ್ತು.