ಹಿಮಕ್ಕೆ ಮುಂಚೆ ಮುಗಿಯಬೇಕಾದ ಗೋಡೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದಿಬ್ಬದ ಕೆಳಗಿನ ಬೀದಿಯಲ್ಲಿ ನಾಯಿಗಳು ಕೂಡ ಮುದುಡಿಕೊಂಡು ಮಲಗಿವೆ. ಎಮ್ಮಾ ಗೆನ್ರಿಖೊವ್ನಾಳ ಮನೆಯ ಹೊರಮೂಲೆಯಲ್ಲಿ ಮಾತ್ರ ಒಬ್ಬ ಹೆಂಗಸು ಮಂಡಿಯೂರಿ ಕೂತಿದ್ದಾಳೆ. ಬಲಗೈಯ ಕವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ನಿನ್ನೆ ಕೂರಿಸಿದ ಇಟ್ಟಿಗೆಗಳ ನಡುವಿನ ಸುಣ್ಣದ ಗಾರೆಗೆ ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತಾಳೆ. ಉಗುರಿನ ಗುರುತು ಮೂಡುತ್ತದೆ, ಪುಡಿ ಉದುರುವುದಿಲ್ಲ. ಅಂದರೆ ರಾತ್ರಿಯ ಚಳಿ ಗಾರೆಯನ್ನು ಕೊಂದಿಲ್ಲ.

"ಬದುಕಿದೆಯಾ?" ಎಂದು ಹಿಂದಿನಿಂದ ಗಬ್ದುಲ್ಲಾ ಕೇಳುತ್ತಾನೆ. ಅವಳಿಗೆ ಗಾರೆ ಕಲಸಿಕೊಡುವ ತಾತಾರ್ ಮುದುಕ ಅವನು.

"ಉಸಿರಾಡ್ತಾ ಇದೆ."

"ಹಂಗಾದ್ರೆ ನೀನೂ ಒಂದ್ಸಲ ಉಸಿರಾಡು, ಕೆಲಿನ್. ಬಂದಾಗಿಂದ ಉಸಿರು ಬಿಗಿಹಿಡ್ಕೊಂಡೇ ಕೂತಿದೀಯ."

ಕೆಲಿನ್ ಎಂದರೆ ಸೊಸೆ. ಗೆಳೆಯ ಅಮಾಂತಾಯ್‌ನ ಕೈಹಿಡಿದು ಬಂದ ದಿನದಿಂದ ಗಬ್ದುಲ್ಲಾನ ಬಾಯಲ್ಲಿ ಕುಲ್ಪಾಶ್ ಸೊಸೆಯೇ. ಈಗ ಅವಳಿಗೆ ಐವತ್ತೆಂಟಾಗಿದೆ, ಮೊಮ್ಮಗಳು ಶಾಲೆಗೆ ಹೋಗುತ್ತಾಳೆ, ಆದರೂ ಅವನು ಕರೆಯುವುದು ಹಾಗೆಯೇ.

ಕಿಝಿಲ್‌ಜಾರ್ ಎಂಬ ಈ ಊರಿನಲ್ಲಿ ವರ್ತಕರು ಕಟ್ಟಿಸಿದ ಹಳೆಯ ಇಟ್ಟಿಗೆ ಮನೆಗಳು ಇನ್ನೂ ಜೀವ ಹಿಡಿದುಕೊಂಡಿರುವುದು ಇಂಥ ಬೆರಳೆಣಿಕೆಯ ಕೈಗಳಿಂದ. ದಿಬ್ಬದ ಮೇಲೆ ಹೊಸ ಕಟ್ಟಡಗಳು ಏಳುತ್ತವೆ, ರಿಬ್ಬನ್ ಕತ್ತರಿಸುತ್ತಾರೆ, ಫೋಟೊ ಬರುತ್ತದೆ. ದಿಬ್ಬದ ಕೆಳಗೆ ಬಿರುಕು ಬಿಟ್ಟ ಮೂಲೆಗೆ ಆನಿಕೆ ಕೊಟ್ಟು, ಒಡೆದ ಇಟ್ಟಿಗೆಯನ್ನು ಹಲ್ಲು ಕಿತ್ತಂತೆ ಒಂದೊಂದಾಗಿ ಕಿತ್ತು, ಆ ಜಾಗಕ್ಕೆ ಇನ್ನೊಂದನ್ನು ಕೂರಿಸುವವಳ ಫೋಟೊ ಯಾರು ತೆಗೆಯುತ್ತಾರೆ? ಕೆಲಸ ಚೆನ್ನಾಗಿ ಆದರೆ ಗೋಡೆಯ ಮೇಲೆ ಗುರುತೂ ಉಳಿಯುವುದಿಲ್ಲ.

ಇಲ್ಲಿ ಶತ್ರು ಇರುವುದು ನೆಲದಲ್ಲಿ. ಜೇಡಿಮಣ್ಣು ಶರತ್ಕಾಲದ ಮಳೆ ಕುಡಿದು ಉಬ್ಬುತ್ತದೆ, ಹೆಪ್ಪುಗಟ್ಟಿದಾಗ ಮನೆಯನ್ನೇ ಭುಜ ಕೊಟ್ಟು ಎತ್ತುತ್ತದೆ, ಬೇಸಿಗೆಯಲ್ಲಿ ಬಾಯ್ಬಿಟ್ಟು ಕೆಳಗಿಳಿಸುತ್ತದೆ. "ಈ ಮಣ್ಣು ಕುಡುಕ ಗಂಡ ಇದ್ದಂಗೆ. ಕುಡಿದ್ರೆ ಉಬ್ತಾನೆ, ಒಣಗಿದ್ರೆ ಸಿಡುಕ್ತಾನೆ. ಮನೆ ಸಹಿಸ್ಕೋಬೇಕು," ಎನ್ನುತ್ತಾಳೆ ಕುಲ್ಪಾಶ್. ನಂತರ ಎಲ್ಲಿ ತಪ್ಪು ತಿಳಿಯುತ್ತಾರೋ ಎಂದು ಅವಸರವಾಗಿ ಸೇರಿಸುತ್ತಾಳೆ, "ನಮ್ಮ ಅಮಾಂತಾಯ್ ಕುಡಿಯಲ್ಲ. ಅವನು ಬೌರ್ಸಾಕ್ ಕರೀತಾನೆ ಅಷ್ಟೆ."

ಅದು ನಿಜ. ಕ್ರೇನ್ ನಡೆಸುತ್ತಿದ್ದ ಅಮಾಂತಾಯ್ ಮಂಡಿ ಸೋತ ಮೇಲೆ ಅಡುಗೆಮನೆ ಸೇರಿದ್ದಾನೆ. ಅವನು ಕಟ್ಟಿಕೊಡುವ, ಹಿಟ್ಟಿನುಂಡೆ ಕರಿದ ಬೌರ್ಸಾಕ್ ಮತ್ತು ಹಾಲಿನ ಚಹಾ ಇವಳ ಚೀಲದಲ್ಲಿ ಕರಣೆ, ತೂಗುಗುಂಡಿನ ಜೊತೆ ಇರುತ್ತವೆ. ಇಬ್ಬರೂ ಭೇಟಿಯಾದದ್ದು ಒಂದೇ ಕಟ್ಟಡದ ಮೇಲೆ. ಹದಿನೇಳಕ್ಕೆ ಗಾರೆ ಕೆಲಸ ಕಲಿತು ಹೆಂಗಸರ ತಂಡ ಸೇರಿದ ಕುಲ್ಪಾಶ್, ಸೋವಿಯತ್ ಕಾಲ ಮುಗಿದು ತಂಡ ಚದುರಿದಾಗ ಉಳಿದವರಂತೆ ಸಂತೆಯಲ್ಲಿ ಬಟ್ಟೆ ಮಾರುತ್ತಾ ನಿಲ್ಲಲಿಲ್ಲ. ಹೋಗಿ ನೋಡಿದಳು, ಅಷ್ಟೆ. "ಮಾರೋದಕ್ಕೆ ಬಾಯಿ ಬೇಕು. ನನಗಿದ್ದದ್ದು ಕೈ," ಎನ್ನುತ್ತಾಳೆ.

ಎಮ್ಮಾಳ ಮನೆಯ ಕತೆ ಒಂದು ಮಳೆಕೊಳವೆಯಿಂದ ಶುರುವಾಗಿದೆ. ಮಾಡಿನ ನೀರು ವರ್ಷಗಳಿಂದ ಮೂಲೆಯ ಬುಡಕ್ಕೇ ಸುರಿದಿದೆ. ಮೂಲೆ ಕುಸಿದಿದೆ, ಬಿರುಕು ಕಿಟಕಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆ. ಯಾರೋ ಅದಕ್ಕೆ ಸಿಮೆಂಟ್ ಮೆತ್ತಿದ್ದಾರೆ. ಗಟ್ಟಿ ಸಿಮೆಂಟಿನ ಹಿಂದೆ ನೀರು ಸಿಕ್ಕಿಕೊಂಡು, ಹೆಪ್ಪುಗಟ್ಟಿ, ಮೆತ್ತನೆಯ ಹಳೆ ಇಟ್ಟಿಗೆಯ ಮುಖವೇ ಹಪ್ಪಳದಂತೆ ಎದ್ದುಬಂದಿದೆ. ಬೇಸಿಗೆಯ ಕೊನೆಗೆ ಗಬ್ದುಲ್ಲಾ ಮತ್ತು ಕುಲ್ಪಾಶ್ ಹೆಪ್ಪು ತಲುಪದ ಆಳದವರೆಗೆ ಅಗೆದು ಮೂಲೆಗೆ ಹೊಸ ಪಾಯ ಕೊಟ್ಟರು, ಮಳೆನೀರನ್ನು ಬೀದಿಯ ಕಡೆ ತಿರುಗಿಸಿದರು. ಈಗ ಉಳಿದಿರುವುದು ಗೋಡೆ. ಸುಣ್ಣದ ಗಾರೆಗೆ ಗಟ್ಟಿಯಾಗಲು ಬೆಚ್ಚನೆಯ ದಿನಗಳು ಬೇಕು. ಆದರೆ ಅಕ್ಟೋಬರ್ ಮುಗಿಯುತ್ತಿದೆ, ಆಕಾಶ ಸೀಸದಂತೆ ಭಾರವಾಗಿ ಕೆಳಗಿಳಿದಿದೆ. ಕುಲ್ಪಾಶ್ ಮಾತಿನ ನಡುವೆ ಪದೇಪದೇ ಅದರ ಕಡೆ ನೋಡುತ್ತಾಳೆ.

ಮಧ್ಯಾಹ್ನದ ಹೊತ್ತಿಗೆ, ಕಿಟಕಿಯ ಪಕ್ಕದ ಒಂದು ಇಟ್ಟಿಗೆ ಕೀಳುತ್ತಾಳೆ. ಆ ಸಂದಿನಲ್ಲಿ ಬೆರಳಾಡಿಸಿ ಹೊರತೆಗೆಯುತ್ತಾಳೆ. ಬೆರಳಿಗೆ ಮಸಿ.

ಹೊರಗೋಡೆಯಲ್ಲಿ ಮಸಿ ಇರಬಾರದು. ಮನೆ ಕಾಯಿಸುವ ಒಲೆಯ ಹೊಗೆದಾರಿ ಒಳಗೋಡೆಯಲ್ಲಿದೆ. ಎರಡೂ ಗೋಡೆ ಕೂಡುವಲ್ಲಿ ಮನೆ ಸೀಳಿಕೊಂಡು, ಆ ಸೀಳು ಹೊಗೆದಾರಿಯನ್ನು ಮುಟ್ಟಿದೆ.

"ಎಮ್ಮಾ, ನಿನಗೆ ತಲೆನೋವು ಬರುತ್ತಾ?" ಎಂದು ಒಳಗೆ ಹೋಗಿ ಕೇಳುತ್ತಾಳೆ.

ಎಮ್ಮಾ ರೈಲು ನಿಲ್ದಾಣದಲ್ಲಿ ಗಾಡಿಗಳ ಬರುಹೋಗು ಕೂಗಿ ಹೇಳುತ್ತಿದ್ದವಳು, ಜರ್ಮನ್ ಮನೆತನದ ಹೆಂಗಸು. ನಿವೃತ್ತಿಯಾದರೂ ದನಿ ಇಳಿದಿಲ್ಲ. ಅವಳ ಬಾಯಲ್ಲಿ ಕುಲ್ಪಾಶ್ ಕುಲ್ಯಾ. ಗಂಡ ವಿಕ್ತೋರ್ ಸರಕು ಗಾಡಿಯ ಮೇಲೆ ವಾರಗಟ್ಟಲೆ ಹೊರಗೇ.

"ಈ ವಯಸ್ಸಲ್ಲಿ ಯಾರಿಗೆ ಬರಲ್ಲ, ಕುಲ್ಯಾ? ಬೆಳಗೆದ್ರೆ ತಲೆ ಸುತ್ತುತ್ತೆ. ರಕ್ತದೊತ್ತಡ."

"ರಕ್ತದೊತ್ತಡ ಅಲ್ಲ. ಒಲೆ. ವಿಷಗಾಳಿ ಒಳಗೆ ಸೋರ್ತಿದೆ. ಇವತ್ತಿಂದ ಹಚ್ಚಬೇಡ."

"ಹಚ್ಚಬೇಡ್ವಾ? ಮದುವೆಯಾಗಿ ಬಂದಾಗಿಂದ ಇದೇ ಒಲೆ ಹಚ್ತಿದೀನಿ! ಹೊರಗೆ ಹಿಮ ಬೀಳೋ ಹಂಗಿದೆ, ನೀನು ಒಲೆ ಆರಿಸು ಅಂತೀಯ!"

"ಬೈಯಿ, ಎಷ್ಟು ಬೇಕಾದ್ರೂ ಬೈಯಿ. ಹಚ್ಚಬೇಡ."

ಕುಲ್ಪಾಶ್‌ಳ ದನಿ ನಡುಗುವುದನ್ನು ಕೇಳಿ ಎಮ್ಮಾ ಬೈಯುವುದನ್ನು ನಿಲ್ಲಿಸುತ್ತಾಳೆ.

ಆ ನಡುಕ ಎಲ್ಲಿಂದ ಬಂತೆಂದು ಕುಲ್ಪಾಶ್ ಹೇಳುವುದು ಆಮೇಲೆ, ಗಾರೆಯ ತೊಟ್ಟಿಯ ಅಂಚಿನಲ್ಲಿ ಕೂತು, ಚಹಾದ ಬಟ್ಟಲಿನೊಳಗೆ ನೋಡುತ್ತಾ. ಅವಳಿಗೆ ಆಗ ಒಂಬತ್ತು. ಹಳ್ಳಿಯ ಮನೆಯ ಒಲೆಯ ಹಿಂದೆ ಒಂದು ಬಿರುಕಿತ್ತು. ಅಪ್ಪ ಅದಕ್ಕೆ ಮಣ್ಣು ಮೆತ್ತಿದ್ದ. ಜನವರಿಯ ಒಂದು ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲು ಒಡೆದು ಎಲ್ಲರನ್ನೂ ಹಿಮದ ಮೇಲೆ ಎಳೆದು ಹಾಕಿದರು. ಅಮ್ಮ ಎದ್ದಳು, ಅಪ್ಪ ಎದ್ದ, ಕುಲ್ಪಾಶ್ ಎದ್ದಳು. ತಮ್ಮ ಯೆರ್ಸಾಯಿನ್ ಏಳಲಿಲ್ಲ. "ಒಲೆಗೆ ಹತ್ರ ಅವನೇ ಮಲಗಿದ್ದ. ಚಿಕ್ಕವನು, ಬೆಚ್ಚಗಿರ್ಲಿ ಅಂತ ಅಮ್ಮ ಅಲ್ಲಿ ಮಲಗಿಸಿದ್ಳು." ಗಬ್ದುಲ್ಲಾ ಎದ್ದು ಹೋಗಿ ಕಲಸಿದ ಗಾರೆಯನ್ನೇ ಮತ್ತೆ ಕಲಸತೊಡಗುತ್ತಾನೆ.

ಹೊಗೆದಾರಿಯ ಕೆಟ್ಟ ಭಾಗವನ್ನು ಕಿತ್ತು, ಅದನ್ನು ಒಳಗಿನಿಂದ ಹೊಸದಾಗಿ ಕಟ್ಟಬೇಕು. ಅಷ್ಟರಲ್ಲಿ ಚಳಿ ಬಂದರೆ ಹೊರಗೋಡೆಯ ಹಸಿ ಗಾರೆ ಹೆಪ್ಪುಗಟ್ಟಿ ಪುಡಿಯಾಗುತ್ತದೆ. ಅದಕ್ಕಾಗಿ ಮೂಲೆಗೆ ಟಾರ್ಪಾಲಿನ ಗುಡಾರ ಕಟ್ಟುತ್ತಾರೆ. ಕುಲ್ಪಾಶ್ ತನ್ನ ಮನೆಯ ವಿದ್ಯುತ್ ಹೀಟರ್ ತರುತ್ತಾಳೆ. ಆದರೆ ಎಮ್ಮಾಳ ಮನೆಯ ಹಳೆ ತಂತಿ ಒಂದೇ ಹೀಟರಿನ ಭಾರ ತಾಳುತ್ತದೆ, ಎರಡು ಹಾಕಿದರೆ ಫ್ಯೂಸ್ ಹಾರುತ್ತದೆ. ಒಂದೋ ಗುಡಾರ, ಇಲ್ಲವೇ ಎಮ್ಮಾಳ ಕೋಣೆ.

"ನಿನ್ನ ಮಂಚದ ಪಕ್ಕ ಇಡು. ಗೋಡೆಗೆ ಹುಲ್ಲು ಹೊದಿಸ್ತೀನಿ," ಎನ್ನುತ್ತಾಳೆ ಕುಲ್ಪಾಶ್. "ಇಲ್ಲಾಂದ್ರೆ ನಮ್ಮನೆಗೆ ಬಾ. ಅಮಾಂತಾಯ್ ಬೌರ್ಸಾಕ್ ತಿನ್ನಿಸಿ ತಿನ್ನಿಸಿ ಸಾಯಿಸ್ತಾನೆ, ಅಷ್ಟೆ ಅಪಾಯ."

"ನನ್ನ ಮನೆ ಬಿಟ್ಟು ನಾನೆಲ್ಲಿಗೂ ಬರಲ್ಲ," ಎನ್ನುತ್ತಾಳೆ ಎಮ್ಮಾ.

ಎರಡು ದಿನ ಹಾಗೇ ಸಾಗುತ್ತದೆ. ಕುಲ್ಪಾಶ್ ಮನೆಯಲ್ಲಿದ್ದರೂ ಫೋನು ಅವಳ ಅಂಗೈಯಲ್ಲೇ. ಸಂಜೆ ಕರೆ ಮಾಡುತ್ತಾಳೆ, ಒಲೆ ತಣ್ಣಗಿದೆಯಾ ಎಂದು ಕೇಳುತ್ತಾಳೆ, ಇಟ್ಟು, ಮತ್ತೆ ಮಾಡುತ್ತಾಳೆ. "ಗಂಡನೂ ಇಷ್ಟು ಸಲ ಫೋನ್ ಮಾಡಲ್ಲ ನಂಗೆ," ಎಂದು ಎಮ್ಮಾ ರೇಗುತ್ತಾಳೆ.

ಮೂರನೆಯ ದಿನ ಬೆಳಗಾಗುವ ಮುನ್ನವೇ ಊರೆಲ್ಲ ಬಿಳಿ. ಕುಲ್ಪಾಶ್ ಬಸ್ಸಿನಿಂದ ಇಳಿದವಳೇ ಕರೆ ಮಾಡುತ್ತಾಳೆ. ಫೋನು ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಇಳಿಜಾರಿನಲ್ಲಿ ಜಾರಿ, ಎದ್ದು, ಓಡುತ್ತಾಳೆ. ಬೀದಿಯ ತಿರುವಿನಲ್ಲಿ ಮನೆ ಕಾಣುತ್ತದೆ. ಹೊಗೆಗೂಡಿನಿಂದ ಏನೂ ಬರುತ್ತಿಲ್ಲ. ಆದರೆ ಟಾರ್ಪಾಲಿನ ಅಂಚಿನಿಂದ, ಗೋಡೆಯ ಸೀಳಿನಿಂದ, ತೆಳ್ಳನೆಯ ನೀಲಿ ಹೊಗೆ ಒಸರುತ್ತಿದೆ.

ಬಾಗಿಲಿಗೆ ಒಳಗಿನಿಂದ ಚಿಲಕ. "ಎಮ್ಮಾ! ಎಮ್ಮಾ!" ಊರಿಗೆಲ್ಲ ಕೇಳುತ್ತಿದ್ದ ಆ ದನಿಯಿಂದ ಒಂದು ಉತ್ತರವಿಲ್ಲ. ಕುಲ್ಪಾಶ್ ಗುಡಾರದ ಬದಿಯಿಂದ ಇಟ್ಟಿಗೆಯೊಂದನ್ನು ಎತ್ತಿ ಕಿಟಕಿಯ ಗಾಜಿಗೆ ಎಸೆಯುತ್ತಾಳೆ. ಒಳಗೆ ಕೈ ಹಾಕಿ, ಕೈ ಕುಯ್ದುಕೊಂಡು, ಕಿಟಕಿ ತೆಗೆದು ಹತ್ತುತ್ತಾಳೆ. ಎಮ್ಮಾ ಕುರ್ಚಿಯಲ್ಲಿ ಒಂದು ಕಡೆ ವಾಲಿ ಕೂತಿದ್ದಾಳೆ, ಬಾಯಿ ಅರೆತೆರೆದಿದೆ. ಕುಲ್ಪಾಶ್ ಅವಳ ಕಂಕುಳಿಗೆ ಕೈ ಹಾಕಿ ನೆಲದ ಮೇಲೆ ಎಳೆಯುತ್ತಾಳೆ, ಬಾಗಿಲ ಚಿಲಕ ತೆಗೆದು ಹೊಸ್ತಿಲು ದಾಟಿಸಿ ಹಿಮದ ಮೇಲೆ ಮಲಗಿಸುತ್ತಾಳೆ. ಅಷ್ಟರಲ್ಲಿ ಗಬ್ದುಲ್ಲಾ ಬಂದಿದ್ದಾನೆ. ಅವನು ಆಂಬುಲೆನ್ಸಿಗೆ ಫೋನ್ ಮಾಡುತ್ತಾನೆ, ಕುಲ್ಪಾಶ್ ಎಮ್ಮಾಳ ಕೆನ್ನೆಗೆ ಹಿಮ ತಿಕ್ಕುತ್ತಾಳೆ, ಹೊಡೆಯುತ್ತಾಳೆ, ಹೆಸರು ಹಿಡಿದು ಬೈಯುತ್ತಾಳೆ. ತನ್ನ ತಮ್ಮನ ಹೆಸರು ಹಿಡಿದೂ ಒಮ್ಮೆ ಕರೆಯುತ್ತಾಳೆ. ಗಬ್ದುಲ್ಲಾ ಅದು ಕೇಳಿಸದವನಂತೆ ಮುಖ ತಿರುಗಿಸುತ್ತಾನೆ.

ಎಮ್ಮಾ ಕೆಮ್ಮುತ್ತಾಳೆ. ವಾಂತಿ ಮಾಡಿಕೊಳ್ಳುತ್ತಾಳೆ. ಕಣ್ಣು ತೆರೆಯುತ್ತಾಳೆ.

ಹೀಟರ್ ಎಲ್ಲಿತ್ತು? ಗುಡಾರದೊಳಗೆ. ಗೋಡೆಗೆ ಮುಖ ಮಾಡಿ ಕೆಂಪಗೆ ಉರಿಯುತ್ತಿತ್ತು. ಹಿಮ ಬೀಳುವುದನ್ನು ಕಿಟಕಿಯಲ್ಲಿ ಕಂಡು ಎಮ್ಮಾಳೇ ಅದನ್ನು ಹೊರಗೊಯ್ದಿದ್ದಳು. ತನಗೆ ಚಳಿಯಾದಾಗ ಒಲೆಗೆ ನಾಲ್ಕೇ ನಾಲ್ಕು ಕಲ್ಲಿದ್ದಲು ಹಾಕಿ, ಕಾವು ಉಳಿಯಲೆಂದು ಹೊಗೆದಾರಿಯ ತಗಡು ಮುಚ್ಚಿ ಕೂತಿದ್ದಳು.

"ಗಾರೆ ಹೆಪ್ಪುಗಟ್ಟಿದ್ರೆ ನಿನ್ನ ಕೆಲಸ ಎಲ್ಲಾ ಹಾಳಾಗ್ತಿತ್ತಲ್ಲ, ಕುಲ್ಯಾ," ಎನ್ನುತ್ತಾಳೆ ಆಸ್ಪತ್ರೆಯಲ್ಲಿ, ಮೂಗಿನ ಮೇಲಿನ ಆಮ್ಲಜನಕದ ಮುಖವಾಡ ಸರಿಸಿ. "ಎಷ್ಟು ಕಷ್ಟಪಟ್ಟಿದ್ದೆ."

"ಗೋಡೆ ಬಿದ್ರೆ ಮತ್ತೆ ಕಟ್ತೀನಿ," ಎಂದು ಕುಲ್ಪಾಶ್ ಕೂಗುತ್ತಾಳೆ. ಪಕ್ಕದ ಮಂಚದವರು ತಿರುಗಿ ನೋಡುತ್ತಾರೆ. "ನಿನ್ನನ್ನ ಯಾವ ಗಾರೆ ಹಾಕಿ ಕಟ್ಲಿ, ಹೇಳು? ಯಾವ ಇಟ್ಟಿಗೆ ಇಟ್ಟು ಕಟ್ಲಿ?" ಆಮೇಲೆ ಮಂಚದ ಅಂಚಿನಲ್ಲಿ ಕೂತು, ಪಟ್ಟಿ ಕಟ್ಟಿದ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾಳೆ. ಎಮ್ಮಾ ಅವಳ ಬೆನ್ನು ಸವರುತ್ತಾಳೆ. "ಮುಖವಾಡ ಹಾಕ್ಕೋ ಮೊದ್ಲು," ಎಂದು ಅಳುತ್ತಲೇ ಗದರುತ್ತಾಳೆ ಕುಲ್ಪಾಶ್.

ಎಮ್ಮಾ ಆಸ್ಪತ್ರೆಯಲ್ಲಿರುವಷ್ಟು ದಿನ ಹೀಟರ್ ಗುಡಾರದಲ್ಲೇ ಉರಿಯುತ್ತದೆ. ಗಬ್ದುಲ್ಲಾ ಕಿಟಕಿಗೆ ಗಾಜು ಕೂರಿಸುತ್ತಾನೆ. ಕುಲ್ಪಾಶ್ ಹೊಲಿಗೆ ಹಾಕಿದ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹೊಗೆದಾರಿಯನ್ನು ಕಟ್ಟುತ್ತಾಳೆ. ಒಂದು ಸಾಲು ಏರಿಸುತ್ತಾಳೆ, ದೀಪ ಹಿಡಿದು ನೋಡುತ್ತಾಳೆ, ಮನಸ್ಸಿಗೆ ಬಾರದೆ ಎರಡು ಇಟ್ಟಿಗೆ ಕಿತ್ತು ಮತ್ತೆ ಕೂರಿಸುತ್ತಾಳೆ.

"ಚೆನ್ನಾಗೇ ಇತ್ತಲ್ಲ, ಕೆಲಿನ್," ಎನ್ನುತ್ತಾನೆ ಗಬ್ದುಲ್ಲಾ.

"ಚೆನ್ನಾಗಿತ್ತು ಅನ್ಸುತ್ತೆ. ಅನ್ಸೋದು ಸಾಕಾ?"

ಹೊಗೆದಾರಿ ಒಣಗಿದ ಮೇಲೆ, ಎಮ್ಮಾ ಮನೆಗೆ ಬಂದ ದಿನ, ಒಲೆ ಹಚ್ಚುತ್ತಾರೆ. ಮೊದಲು ಒದ್ದೆ ಹುಲ್ಲು ಸುಟ್ಟು ದಟ್ಟ ಹೊಗೆ ಎಬ್ಬಿಸುತ್ತಾರೆ. ಗಬ್ದುಲ್ಲಾ ಹೊರಗೆ ಗೋಡೆಯನ್ನು ಕಾಯುತ್ತಾನೆ, ಕುಲ್ಪಾಶ್ ಒಳಗೆ ಉರಿಯುವ ಮೇಣದಬತ್ತಿಯನ್ನು ಗೋಡೆಯುದ್ದಕ್ಕೂ ಸಂದುಸಂದಿಗೆ ಹಿಡಿಯುತ್ತಾಳೆ. ಜ್ವಾಲೆ ಎಲ್ಲಿಯೂ ಬಾಗುವುದಿಲ್ಲ. "ಬರೀ ಮೇಲಿಂದ ಹೋಗ್ತಿದೆ!" ಎಂದು ಹೊರಗಿನಿಂದ ಕೂಗು ಬರುತ್ತದೆ. "ಗೋಡೇಲಿ ಒಂದು ಎಳೆ ಇಲ್ಲ!" ಆಗ ಕಲ್ಲಿದ್ದಲು ಹಾಕುತ್ತಾಳೆ. ಅಮಾಂತಾಯ್ ಕೊಂಡು ಕೊಟ್ಟಿರುವ ವಿಷಗಾಳಿಯ ಎಚ್ಚರಿಕೆಗಂಟೆಯನ್ನು ಮಂಚದ ಮೇಲಿನ ಮೊಳೆಗೆ ಸಿಕ್ಕಿಸುತ್ತಾಳೆ. ಅದರ ಗುಂಡಿ ಒತ್ತಿ, ಕಿರುಚಿಸಿ ನೋಡುತ್ತಾಳೆ. ಇನ್ನೊಮ್ಮೆ ಒತ್ತುತ್ತಾಳೆ.

"ಸಾಕು ಮಾರಾಯ್ತಿ, ಕಿವಿ ಹೋಯ್ತು," ಎನ್ನುತ್ತಾಳೆ ಎಮ್ಮಾ. ಆದರೂ ಅವಳ ಕಣ್ಣು ಒಲೆಯ ಬಾಗಿಲಿನ ಮೇಲೇ ನೆಟ್ಟಿದೆ. ಆಸ್ಪತ್ರೆಯಲ್ಲೂ ಅವಳು ನಿದ್ದೆ ಮಾಡಿಲ್ಲ, ಕಣ್ಣು ಮುಚ್ಚಲೇ ಹೆದರಿಕೆ.

ಕುಲ್ಪಾಶ್‌ಗೆ ಅದು ಗೊತ್ತಾಗುತ್ತದೆ. ಮೇಜಿನ ಬಳಿಯಿದ್ದ ಕುರ್ಚಿಯನ್ನು ಎಳೆದು ಒಲೆಗೂ ಮಂಚಕ್ಕೂ ನಡುವೆ ಹಾಕಿ ಕೂರುತ್ತಾಳೆ. "ಮಲ್ಕೋ. ಸಂಜೆ ವಿಕ್ತೋರ್ ಬರೋ ತನಕ ನಾನಿಲ್ಲೇ ಇರ್ತೀನಿ."

ಎಮ್ಮಾ ಗೋಡೆಯ ಕಡೆ ಮಗ್ಗುಲಾಗುತ್ತಾಳೆ. ಕೋಣೆ ಬೆಚ್ಚಗಾಗುತ್ತದೆ, ಕಿಟಕಿಯ ಹೊಸ ಗಾಜಿನ ಮೇಲೆ ಹನಿ ಮೂಡುತ್ತದೆ, ಎಮ್ಮಾಳ ಗೊರಕೆ ಶುರುವಾಗುತ್ತದೆ. ಗೊರಕೆಯೂ ನಿಲ್ದಾಣಕ್ಕೆಲ್ಲ ಕೇಳುವಂಥದ್ದೇ. ಒಳಗೆ ಬಂದ ಗಬ್ದುಲ್ಲಾ ಬಾಗಿಲಲ್ಲೇ ನಿಂತು ನಗು ತಡೆದುಕೊಳ್ಳುತ್ತಾನೆ.

ಇನ್ನೇನು ಬೇಕು ನಿನಗೆ ಎಂದು ಅವನು ಪಿಸುಗುಟ್ಟಿದಾಗ, ಕುಲ್ಪಾಶ್ ಒಲೆಯ ಕಡೆಯಿಂದ ಕಣ್ಣು ತೆಗೆಯದೆ ಉತ್ತರಿಸುತ್ತಾಳೆ.

"ಹಿಮ ಕರಗೋ ತನಕ ಈ ಮನೆಯಿಂದ ನಂಗೆ ಫೋನ್ ಬರಬಾರ್ದು, ಅಷ್ಟೆ. ಬಂದ್ರೂ, ಎಮ್ಮಾನೇ ಮಾಡಿರ್ಬೇಕು. ಚಹಾಕ್ಕೆ ಬಾ ಅಂತ, ಅವಳ ದೊಡ್ಡ ಗಂಟಲಲ್ಲಿ."