ಇಬ್ಬರಿಗೂ ರಜೆ ಇರುವ ದಿನ

ಕೋಚಿಂಗ್ ಸೆಂಟರಿನಲ್ಲಿ ಪ್ರೋಗ್ರಾಮಿಂಗ್ ಕಲಿಯುವವರು ತಮ್ಮ ಮೇಷ್ಟ್ರಿಗೆ ಇಟ್ಟ ಹೆಸರು ಬೆರಳು ಮೇಷ್ಟ್ರು. ಕ್ರಮವಾಗಿ ಜೋಡಿಸಿದ ಎರಡು ಪಟ್ಟಿಗಳಲ್ಲಿ ಎರಡಕ್ಕೂ ಸೇರಿದ್ದನ್ನು ಹುಡುಕುವ ಪಾಠ ಬಂದರೆ ಸಾಕು, ಬೋರ್ಡಿಗೆ ಮೈ ಅಂಟಿಸಿ ನಿಂತು, ಒಂದು ಪಟ್ಟಿಯ ತಲೆಗೆ ಎಡಗೈ ಬೆರಳು, ಇನ್ನೊಂದರ ತಲೆಗೆ ಬಲಗೈ ಬೆರಳು ಇಡುತ್ತಿದ್ದರು. ಎರಡೂ ಒಂದೇ ಆದರೆ ಬರೆದುಕೊಂಡು ಎರಡು ಬೆರಳನ್ನೂ ಇಳಿಸು, ಇಲ್ಲವಾದರೆ ಚಿಕ್ಕದರ ಮೇಲಿನ ಬೆರಳನ್ನು ಮಾತ್ರ ಇಳಿಸು. ಇಷ್ಟೇ ವಿದ್ಯೆ. ಅದನ್ನು ತಾವೇ ಕಂಡುಹಿಡಿದವರ ಗತ್ತಿನಲ್ಲಿ ಹೇಳುತ್ತಿದ್ದರು. ಕಂಡುಹಿಡಿದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ಆದರೆ ಬೆನ್ನು ತಟ್ಟಿಕೊಳ್ಳಲು ಬೇರೇನೂ ಇರಲಿಲ್ಲ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಅವಳ ವಾರದ ರಜೆ ಪಾಳಿಯ ಪ್ರಕಾರ ಬದಲಾಗುತ್ತಿತ್ತು, ಇವರದು ಬ್ಯಾಚಿನ ಪ್ರಕಾರ. ಇವರು ಬರುವಾಗ ಅವಳು ಹೊರಡುತ್ತಿದ್ದಳು. ಬಾಗಿಲಲ್ಲಿ ಬೀಗದ ಕೈ ಕೊಟ್ಟು ತೆಗೆದುಕೊಳ್ಳುವುದಕ್ಕೇ ಇಬ್ಬರೂ ಸಂಸಾರ ಎನ್ನುತ್ತಿದ್ದರು. ಒಂದು ಸಂಜೆ ಅವಳು ಚಪ್ಪಲಿ ಮೆಟ್ಟುತ್ತಾ ಹೇಳಿದಳು:

"ರೀ, ಬೇರೆ ಊರಲ್ಲಿ ನಮ್ಮ ಆಸ್ಪತ್ರೆಯವರು ಹೊಸ ಬ್ರಾಂಚ್ ತೆಗೀತಿದ್ದಾರೆ. ಹೆಡ್ ನರ್ಸ್ ಆಗಿ ಬಾ ಅಂತಿದ್ದಾರೆ. ಹದಿನಾಲ್ಕನೇ ತಾರೀಕಿನೊಳಗೆ ಉತ್ತರ ಹೇಳ್ಬೇಕು. ಇಬ್ಬರಿಗೂ ರಜೆ ಇರೋ ದಿನ ಒಂದು ನೋಡಿ, ಕೂತು ಮಾತಾಡೋಣ."

ಇಬ್ಬರ ಡ್ಯೂಟಿ ಚಾರ್ಟುಗಳೂ ಫ್ರಿಜ್ಜಿನ ಬಾಗಿಲ ಮೇಲೆ ಅಕ್ಕಪಕ್ಕದಲ್ಲೇ ಅಂಟಿದ್ದವು. ಕಣ್ಣು ಹಾಯಿಸಿದ್ದರೆ ಮುಗಿಯುತ್ತಿತ್ತು. ಆದರೆ ಬರೀ ಕಣ್ಣಿಂದ ನೋಡುವುದಾದರೆ ಇಷ್ಟು ಓದಿದ್ದು ಯಾವ ಭಾಗ್ಯಕ್ಕೆ? ಪ್ರೋಗ್ರಾಮನ್ನೇ ಬರೆದುಬಿಡುವುದೆಂದು ಮೇಷ್ಟ್ರು ತೀರ್ಮಾನಿಸಿದರು. ಇವತ್ತು ನಾಳೆ ಎಂದು ಮುಂದೂಡಿ, ಕಡೆಗೆ ತಮ್ಮ ರಜೆಯ ದಿನ ಬೆಳಗ್ಗೆಯೇ ಕಂಪ್ಯೂಟರ್ ಮುಂದೆ ಕೂತರು. ಅವತ್ತೇ ಹದಿನಾಲ್ಕು.

ಹೆಂಡತಿಯೂ ಮನೆಯಲ್ಲಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದಿರಬೇಕು ಎಂದುಕೊಂಡರು. ಅವಳು ಕೋಣೆಯ ಬಾಗಿಲಿಗೆ ಬಂದು "ರೀ, ಇವತ್ತು..." ಎಂದಳು.

"ತಡಿಯೇ, ನಮ್ಮಿಬ್ಬರಿಗೂ ರಜೆ ಇರೋ ದಿನ ಹುಡುಕ್ತಾ ಇದ್ದೀನಿ. ಮಾತಾಡಿಸಿದ್ರೆ ತಪ್ಪಿಹೋಗುತ್ತೆ."

ಅವಳು ಅಡುಗೆಮನೆಗೆ ಹೋದಳು. ಊಟ ಮುಗಿದ ಮೇಲೆ ಮೇಷ್ಟ್ರು ಉತ್ತರ ಹಿಡಿದು ಬಂದರು. "ಒಂದೂ ಇಲ್ಲ ಕಣೇ. ಈ ತಿಂಗಳಿಡೀ ಜಾಲಾಡಿದೆ."

"ಇವತ್ತು ನಿಮಗೇನು?"

"ರಜೆ."

"ನನಗೂ."

ಬೇರೆ ಗಂಡಸಾಗಿದ್ದರೆ ನಾಚಿ ಅಲ್ಲೇ ಅವಳ ಪಕ್ಕ ಕೂತುಬಿಡುತ್ತಿದ್ದ. ನಮ್ಮ ಮೇಷ್ಟ್ರು ಪ್ರೋಗ್ರಾಮಿನಲ್ಲಿ ತಪ್ಪೆಲ್ಲಿದೆ ಎಂದು ನೋಡಲು ಒಳಗೋಡಿದರು.

ಸಂಜೆ ಹೊತ್ತಿಗೆ ತಪ್ಪು ಸಿಕ್ಕಿತು. ಒಂದೊಂದು ರಜೆಯನ್ನೂ ಒಂದೊಂದು ಆಬ್ಜೆಕ್ಟ್, ಅಂದರೆ ಯಂತ್ರದ ಲೆಕ್ಕಕ್ಕೆ ಒಂದೊಂದು ಬಿಡಿ ವಸ್ತು, ಮಾಡಿ ಎರಡು ಪಟ್ಟಿಗಳಲ್ಲಿ ಇಟ್ಟಿದ್ದರು. ಎರಡರ ತಾರೀಕೂ ಒಂದೇನಾ ಎಂದು ಯಂತ್ರ ಕೇಳಬೇಕಿತ್ತು. ಅದು ಕೇಳಿದ್ದು, ಇವೆರಡೂ ಒಂದೇ ವಸ್ತುವಾ ಎಂದು. ಇವರದು ಇವರ ಪಟ್ಟಿಯದು, ಅವಳದು ಅವಳ ಪಟ್ಟಿಯದು, ಹಾಗಾಗಿ ಅಲ್ಲ ಎಂದು ಹೇಳಿ ಬೆರಳು ಇಳಿಸಿ ಮುಂದೆ ಹೋಗಿತ್ತು. ಇದೇ ತಪ್ಪಿಗೆ ಹೋದ ವಾರ ಇಡೀ ಬ್ಯಾಚಿನ ಚಳಿ ಬಿಡಿಸಿದ್ದವರು ಈಗ ಕುಣಿಯುತ್ತಲೇ ಹೊರಬಂದರು.

"ಸಿಕ್ತು! ನಿನ್ನ ಹದಿನಾಲ್ಕು, ನನ್ನ ಹದಿನಾಲ್ಕು ಎರಡೂ ಒಂದೇ ದಿನ ಅಂತ ಹೇಳೋದನ್ನೇ ಮರೆತಿದ್ದೆ!"

"ಹೌದು, ಮರೆತಿದ್ರಿ" ಎಂದಳು ಹೆಂಡತಿ. ಫೋನು ಅವಳ ಮಡಿಲಲ್ಲಿತ್ತು. "ಆಸ್ಪತ್ರೆಯಿಂದ ಫೋನ್ ಬಂದಿತ್ತು. ಬರ್ತೀನಿ ಅಂತ ಹೇಳಿದೆ."

ಮೇಷ್ಟ್ರು "ನನ್ನನ್ನೊಂದು ಮಾತು..." ಎಂದು ಶುರುಮಾಡಿ, ಬೆಳಗ್ಗೆ ತಾವೇ ಹೇಳಿದ್ದು ನೆನಪಾಗಿ ನಿಲ್ಲಿಸಿದರು. ತಮ್ಮಂಥ ದಡ್ಡ ಇನ್ನೊಬ್ಬನಿರಲಾರ ಎನಿಸಿತು. ಅವಳಿಲ್ಲದ ಮನೆಯನ್ನು ಮೊದಲ ಸಲ ಯೋಚಿಸಿದರು, ಭಯವಾಯಿತು.

"ಅಲ್ಲಿ ಮನೆ ಒಬ್ಬರಿಗೆ ಬೇಕಾ, ಇಬ್ಬರಿಗೆ ಬೇಕಾ ಅಂತ ಕೇಳಿದ್ರು. ಅದನ್ನ ಮಾತ್ರ ಹೇಳಿಲ್ಲ."

ಮೇಷ್ಟ್ರು ಅವಳ ಮಡಿಲಿನಿಂದ ಫೋನ್ ತೆಗೆದುಕೊಂಡು, ಅದೇ ನಂಬರಿಗೆ ಮಾಡಿ, "ಇಬ್ಬರಿಗೆ" ಎಂದರು.

"ಯಾರು ಮಾತಾಡ್ತಿರೋದು?" ಎಂದಿತು ಆ ಕಡೆಯ ದನಿ.

ಎಲ್ಲಿ ಹೋದರೂ ಡಿಗ್ರಿ, ಅನುಭವ ಸಮೇತ ಪರಿಚಯ ಹೇಳಿಕೊಳ್ಳುವ ಮೇಷ್ಟ್ರು "ಅವರ ಗಂಡ" ಎಂದಷ್ಟೇ ಹೇಳಿದರು.