ಮೂವತ್ತೊಂದನೇ ಪುಟದ ‘ಇದು ಸ್ಪಷ್ಟ’

ನಮ್ಮ ಸಿರಿಲ್ ಹೋಲ್ರಾಯ್ಡನಿಗೆ ಅನುಮಾನ ತಾಯಿಯ ಹಾಲಿನ ಜೊತೆಗೇ ಬಂದದ್ದು. ತಾಯಿ ಹ್ಯಾಲಿಫ್ಯಾಕ್ಸಿನ ಉಣ್ಣೆ ಮಿಲ್ಲಿನಲ್ಲಿ ಬಟ್ಟೆ ಪರೀಕ್ಷಿಸುವವಳು. ಥಾನನ್ನು ಬೆಳಕಿಗೆ ಹಿಡಿದು, ಎಲ್ಲಿ ಎಳೆ ತಪ್ಪಿದೆ ಎಂದು ಬೆರಳ ತುದಿಯಲ್ಲೇ ಹುಡುಕುತ್ತಿದ್ದಳು. ಮನೆಗೆ ಬಂದ ಮೇಲೂ ಅದೇ ಚಾಳಿ. ಪಾದ್ರಿ ಎದುರಿಗೆ ಸಿಕ್ಕಿ ನಕ್ಕರೆ, “ಯಾಕೆ ನಕ್ಕ ಅವ್ನು?” ಎನ್ನುವಳು. ಅಂಥವಳ ಮಗ ಗಣಿತಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಅಲ್ಲಿ ಯಾರನ್ನೂ ನಂಬಬೇಕಾಗಿಲ್ಲ, ಸಾಲು ಸಾಲಿಗೂ ಸಾಕ್ಷಿ ಕೇಳಬಹುದು. ಸ್ಕಾಲರ್‌ಶಿಪ್ಪಿನಲ್ಲಿ ಓದಿದ, ಅದೇ ಸೀಮೆಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಸೇರಿದ, ಎನಿಡ್‌ಳನ್ನು ಮದುವೆಯಾದ. ಎನಿಡ್ ಮಾಡುವ ರೂಬಾರ್ಬ್ ಎಂಬ ಹುಳಿ ದಂಟಿನ ಕಡುಬು... ಅದಿರಲಿ, ಅದರ ಮಾತು ಶುರುವಾದರೆ ಸಿರಿಲ್ ಹಿಂದೆಯೇ ಉಳಿದುಬಿಡುತ್ತಾನೆ.

ಹನ್ನೊಂದು ವರ್ಷ ಅವನು ಒಂದೇ ಪ್ರಮೇಯಕ್ಕೆ ಅಂಟಿಕೊಂಡ. ಗಂಟುಗಳ ಬಗ್ಗೆ ಅದು. ಎಂಥ ಗಂಟನ್ನು ಹಗ್ಗ ಕತ್ತರಿಸದೆ ಬಿಡಿಸಬಹುದು ಎಂಬುದು. ಎಪ್ಪತ್ನಾಲ್ಕರ ವಸಂತದಲ್ಲಿ ಅರವತ್ತೆರಡು ಪುಟ ಬರೆದು ಗಣಿತದ ಪತ್ರಿಕೆಯೊಂದಕ್ಕೆ ಕಳಿಸಿದ. ಪತ್ರಿಕೆಯವರು ಅದನ್ನು ಗುಟ್ಟಾಗಿ ಇನ್ನೊಬ್ಬ ಗಣಿತಜ್ಞನ ಪರೀಕ್ಷೆಗೆ ಕೊಡುತ್ತಾರೆ. ಅವನು ಯಾರೆಂದು ಕೇಳುವುದೂ ಅಪಚಾರ, ಅವನು ಹೇಳುವುದೂ ಅಪಚಾರ. ಅವರ ಕಡೆ ಅದೊಂದು ಮಡಿ.

ಹದಿನಾಲ್ಕು ತಿಂಗಳಾದರೂ ಉತ್ತರವಿಲ್ಲ. ಅಷ್ಟರಲ್ಲಿ ಗೆಳೆಯ ಐವರ್ ಪ್ರಾಬರ್ಟ್‌ನ ವರಸೆ ಬದಲಾಯಿತು. ಪಕ್ಕದ ಕೋಣೆಯ ವೇಲ್ಸಿನವನು, ದೊಡ್ಡ ಬಾಯಿ, ಇಪ್ಪತ್ತು ವರ್ಷದಿಂದ ಜೊತೆಗೆ ಚಹಾ ಕುಡಿದವನು. “ಏನಯ್ಯಾ, ನಿನ್ನ ಗಂಟು ಬಿಚ್ಚಿತಾ?” ಎಂದು ದಿನಾ ಕೆಣಕುತ್ತಿದ್ದವನು ಈಗ ಆ ಸುದ್ದಿಯನ್ನೇ ಎತ್ತುವುದಿಲ್ಲ. ಸಿರಿಲ್ ಒಳಗೆ ಬಂದರೆ ಮೇಜಿನ ಮೇಲಿನ ಹಾಳೆಯನ್ನು ಮಗುಚಿ ಹಾಕುತ್ತಾನೆ. ಒಂದು ಮಂಗಳವಾರ ಬಾಗಿಲ ಗಾಜಿನಲ್ಲಿ ಸಿರಿಲ್ ಇಣುಕಿದ. ಐವರ್‌ನ ಕರಿಹಲಗೆಯ ಮೇಲೆ ಸಿರಿಲ್‌ನ ಪ್ರಬಂಧದ್ದೇ ಚಿತ್ರ! ಜಗತ್ತಿನಲ್ಲಿ ಬೇರೆ ಯಾರೂ ಬರೆಯದ ಆ ಮೂರು ಕುಣಿಕೆಯ ಗಂಟು.

“ಕದೀತಿದ್ದಾನೆ ಎನಿಡ್. ನನ್ನ ಪ್ರಬಂಧ ಪರೀಕ್ಷೆಗೆ ಅವನ ಕೈಗೇ ಹೋಗಿದೆ. ಅದನ್ನ ಅಲ್ಲೇ ಕೂರಿಸಿ, ತನ್ನ ಹೆಸರಲ್ಲಿ ಬರ್ಕೊಳ್ತಿದ್ದಾನೆ.”

“ನಿನಗೆ ತಲೆ ಕೆಟ್ಟಿದೆಯಾ? ಹೋಗಿ ಅವನನ್ನೇ ಕೇಳು.”

“ಕೇಳೋ ಹಾಗಿಲ್ಲ ಕಣೇ.”

“ಕಳ್ಳ ಅನ್ನಬಹುದು, ಕೇಳಬಾರದು. ಚೆನ್ನಾಗಿದೆ ನಿಮ್ಮ ಶಾಸ್ತ್ರ!”

ಸಿರಿಲ್ ಚಹಾಕ್ಕೆ ಹೋಗುವುದನ್ನೇ ಬಿಟ್ಟ. ಎಲ್ಲರೆದುರಿಗೆ ಒಮ್ಮೆ ಹೇಳಿಬಿಟ್ಟರೆ ಆಮೇಲೆ ಯಾರೂ ಕದಿಯಲಾರರು ಎಂದು ಲೆಕ್ಕ ಹಾಕಿ, ವಿಭಾಗದ ಬುಧವಾರದ ಉಪನ್ಯಾಸಕ್ಕೆ ತಾನೇ ಹೆಸರು ಕೊಟ್ಟ.

ಹಲಗೆ ತುಂಬ ಬರೆದ. ಪ್ರತಿ ಸಾಲಿಗೂ ತಿರುಗಿ ಐವರ್‌ನ ಮುಖ ನೋಡಿದ. ಐವರ್ ತನ್ನ ಬೂಟನ್ನೇ ನೋಡುತ್ತಿದ್ದ. ಮೂವತ್ತೊಂದನೇ ಪುಟದ ಮಾತು ಬಂತು. “ಇನ್ನು ಈ ಎರಡೂ ಒಂದೇ ಅನ್ನೋದು ಸ್ಪಷ್ಟ,” ಎಂದ ಸಿರಿಲ್.

“ಯಾಕೆ ಸ್ಪಷ್ಟ, ಡಾಕ್ಟರ್ ಹೋಲ್ರಾಯ್ಡ್?” ಹೊಸದಾಗಿ ಸೇರಿದ್ದ ಮಿಸ್ ಗಾರ್ಸೈಡ್ ಕೇಳಿದಳು.

ಸಿರಿಲ್ ಹಲಗೆಯ ಕಡೆ ತಿರುಗಿದ. ಸೀಮೆಸುಣ್ಣ ಎತ್ತಿದ, ಇಳಿಸಿದ. ಊರಿನವರನ್ನೆಲ್ಲ ಅನುಮಾನಿಸಿದವನು ಆ ಒಂದು ಸಾಲನ್ನು ಹನ್ನೊಂದು ವರ್ಷ ಅನುಮಾನಿಸಿಯೇ ಇರಲಿಲ್ಲ!

ಐವರ್ ಧಡಕ್ಕನೆ ಎದ್ದ. “ನಾಲ್ಕು ಗಂಟೆ ಆಯ್ತು ಮಹನೀಯರೇ. ಚಹಾ ಆರಿಹೋದ್ರೆ ಅಡುಗೆಯಾಕೆ ನಮ್ಮನ್ನ ಸುಮ್ನೆ ಬಿಡೋಲ್ಲ.”

ಅಂದರೆ ಈ ಲೋಪ ಅವನಿಗೆ ಮೊದಲೇ ಗೊತ್ತಿತ್ತು! ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಸಿರಿಲ್ ಚಹಾಕ್ಕೆ ನಿಲ್ಲದೆ ನೇರ ಮನೆಗೆ ನಡೆದ.

ಮೂರು ವಾರಕ್ಕೆ ಪರೀಕ್ಷಕನ ವರದಿ ಬಂತು, ಹೆಸರಿಲ್ಲದ್ದು. ಮೂವತ್ತೊಂದನೇ ಪುಟದಲ್ಲಿ ಕಂದಕವಿದೆ ಎಂದು ಒಂದೇ ಸಾಲು. ಉಳಿದ ಒಂಬತ್ತು ಪುಟ, ಆ ಕಂದಕಕ್ಕೆ ಕಟ್ಟಿದ ಸೇತುವೆ. ಎರಡನೇ ಪುಟದಲ್ಲಿ ಐವರ್‌ನ ಹಲಗೆಯ ಮೇಲೆ ಕಂಡಿದ್ದ ಅದೇ ಚಿತ್ರ. ‘ಲೇಖಕರು ಇದನ್ನು ತಮ್ಮದೆಂದೇ ಬಳಸಿಕೊಳ್ಳಬಹುದು’ ಎಂದು ಕೊನೆಗೆ.

ಐದು ದಿನ ಸಿರಿಲ್ ಅದರಲ್ಲಿ ಮೋಸ ಹುಡುಕಿದ, ತಾಯಿ ಎಳೆ ಹುಡುಕಿದ ಹಾಗೆ. ಒಂದೂ ಸಿಗಲಿಲ್ಲ. ಸೇತುವೆಯನ್ನು ಪ್ರಬಂಧಕ್ಕೆ ಸೇರಿಸಿದ. ಐವರ್‌ನ ಹೆಸರನ್ನು ತನ್ನ ಹೆಸರಿನ ಪಕ್ಕ ಹಾಕೋಣವೆಂದರೆ ಮಡಿ ಅಡ್ಡ. ‘ತನ್ನ ಒಂದು ವರ್ಷವನ್ನು ನನಗೆ ಕೊಟ್ಟ, ನಾನು ಹೆಸರಿಸಲಾಗದ ಪರೀಕ್ಷಕರಿಗೆ ಋಣಿ’ ಎಂದು ಕೊನೆಯ ಪುಟದ ಅಡಿಯಲ್ಲಿ ಬರೆದ.

ಪ್ರಬಂಧ ಅಚ್ಚಾಗಿ ಬಂದ ದಿನ ಸಿರಿಲ್ ಎರಡು ಕಪ್ ಚಹಾ ಹಿಡಿದು ಐವರ್‌ನ ಎದುರು ಕೂತ. ಐವರ್ ಕೊನೆಯ ಪುಟ ಓದಿದ.

“ನಿನ್ನ ಪರೀಕ್ಷಕ ಒಳ್ಳೇ ಮನುಷ್ಯನ ಹಾಗೆ ಕಾಣ್ತಾನಲ್ಲಯ್ಯಾ.”

“ಹೇಗೆ ನಂಬೋದು? ಹದಿನೈದು ತಿಂಗಳು ಸತಾಯಿಸಿದ.”

“ದಡ್ಡ ಇರ್ಬೇಕು, ಪಾಪ.”

“ಹೂಂ. ಶುದ್ಧ ದಡ್ಡ,” ಎಂದ ಸಿರಿಲ್, ಸಕ್ಕರೆಯನ್ನು ಅವನ ಕಡೆ ಸರಿಸುತ್ತಾ.